ಖಾಲಿ ಎಲ್ಲಿ ಹೋಯಿತು?

ಹೋದ ವರ್ಷ ಮೊದಲ ಮಳೆ ಬಿದ್ದ ವಾರದಲ್ಲಿ ನನ್ನ ತಬಲಾ ಗುರುಗಳು ಧಾರವಾಡದಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ಎಂಬತ್ತು ದಾಟಿದ ವಯಸ್ಸು, ಮೊಣಕಾಲು ನೋವು. ನಮ್ಮದು ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿ. ಆದರೂ ಗೋಡೆ ಹಿಡಿದು ಹತ್ತಿ ಬಂದರು. ಚಹಾ ಮುಗಿದ ಮೇಲೆ, ಆರು ತಿಂಗಳ ಹಿಂದೆ ಕೊಂಡಿದ್ದ ಸ್ಪೀಕರ್ ಜೋಡಿಯನ್ನು ಅವರಿಗೆ ಕೇಳಿಸುವ ಉತ್ಸಾಹದಲ್ಲಿ ದ್ರುತ್ (ವೇಗದ) ತೀನ್‌ತಾಲದ ಒಂದು ಖಯಾಲನ್ನು ಹಾಕಿದೆ. ಗುರುಗಳು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಎಣಿಸುತ್ತ ಕುಳಿತರು. ನಾಲ್ಕೈದು ಆವರ್ತನ ಕಳೆದಿರಬೇಕು. ಕಣ್ಣು ತೆರೆದು ನನ್ನ ಕಡೆ ನೋಡಿ ಕೇಳಿದರು: "ತಮ್ಮಾ, ಖಾಲಿ ಎಲ್ಲಿ ಹೋಯಿತು?"

ಅವರು ಟೀಕೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಅದನ್ನು ಹುಡುಕುತ್ತಿದ್ದರು.

ತಬಲಾ ಪರಿಚಯವಿಲ್ಲದವರಿಗೆ ಈ ಪ್ರಶ್ನೆಯ ತೂಕ ಹೇಳಬೇಕು. ತೀನ್‌ತಾಲಕ್ಕೆ 16 ಮಾತ್ರೆ, ಅಂದರೆ ಎಣಿಕೆಯ ಏಟು. 'ಧಾ ಧಿಂ ಧಿಂ ಧಾ' ಎರಡು ಸಲ ಬಂದ ಮೇಲೆ ಒಂಬತ್ತನೆಯ ಮಾತ್ರೆಗೆ ಖಾಲಿ. ಅಲ್ಲಿಂದ ಠೇಕಾ, ಅಂದರೆ ತಾಳದ ಬೋಲುಗಳ ಸಾಲು, 'ಧಾ ತಿಂ ತಿಂ ತಾ, ತಾ ಧಿಂ ಧಿಂ ಧಾ' ಎಂದು ನಡೆಯುತ್ತದೆ. ಅಂದರೆ ಹತ್ತರಿಂದ ಹದಿಮೂರರವರೆಗೆ ನಾಲ್ಕು ಮಾತ್ರೆ ಎಡಗೈಯ ಡಗ್ಗ ಸುಮ್ಮನಿರುತ್ತದೆ, ಬಲಗೈ ಮಾತ್ರ ಆಡುತ್ತದೆ. ತಾಳದ ನೆಲವೇ ಕಾಲ ಕೆಳಗಿಂದ ಸರಿದಂತಾಗಿ, ಹದಿನಾಲ್ಕಕ್ಕೆ ಮತ್ತೆ ಬಂದು ಸೇರುತ್ತದೆ. ಹಾಡುವವರಿಗೂ ಕೇಳುವವರಿಗೂ ಆವರ್ತನದ ಮೊದಲ ಮಾತ್ರೆಯಾದ ಸಮ್‌ನ ದಾರಿ ತೋರಿಸುವುದು ಈ ನಾಲ್ಕು ಮಾತ್ರೆಗಳ ಮೌನ. ದ್ರುತ್ ಲಯದಲ್ಲಿ ನಿಮಿಷಕ್ಕೆ 240 ಮಾತ್ರೆ ಎಂದಿಟ್ಟುಕೊಂಡರೆ ಒಂದು ಮಾತ್ರೆಗೆ ಕಾಲು ಸೆಕೆಂಡು, ನಾಲ್ಕಕ್ಕೆ ಒಂದೇ ಸೆಕೆಂಡು. ಒಂಬತ್ತನೆಯ ಧಾ ಹುಟ್ಟಿಸಿದ ಗುಂಕಾರ ಆ ಮಾತ್ರೆ ಮುಗಿದ ಮೇಲೆ ಅರ್ಧ ಸೆಕೆಂಡು ಕೋಣೆಯಲ್ಲಿ ತಂಗಿದರೂ ಖಾಲಿಯ ಅರ್ಧ ಭಾಗ ಅದರ ಹೊಟ್ಟೆಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಆಗುತ್ತಿದ್ದದ್ದು ಅದೇ.

ಹತ್ತನೆಯ ತರಗತಿಯ ಮಗಳು ಇದನ್ನು ತಿಂಗಳುಗಳಿಂದ ಬೇರೆ ಮಾತಿನಲ್ಲಿ ಹೇಳುತ್ತಲೇ ಇದ್ದಳು. ಪಕ್ಕದ ಕೋಣೆಯಲ್ಲಿ ಓದುತ್ತ ಕೂರುವವಳು ಅವಳು. "ಅಪ್ಪಾ, ಹಾಡು ಕೇಳಿಸುವುದಿಲ್ಲ, ಗೋಡೆ ಮಾತ್ರ ಗುಂ ಎನ್ನುತ್ತದೆ." ಓದಲು ತೊಂದರೆಯಾಗುತ್ತಿದೆ ಎಂದಷ್ಟೇ ತಿಳಿದು ನಾನು ಧ್ವನಿ ತಗ್ಗಿಸುತ್ತಿದ್ದೆ. ಅವಳು ಹೇಳಿದ್ದು ಭೌತಶಾಸ್ತ್ರದ ಸತ್ಯ ಎಂದು ತಿಳಿಯಲು ಗುರುಗಳೇ ಬರಬೇಕಾಯಿತು.

ಆ ಸ್ಪೀಕರ್‌ಗಳು ಕೆಟ್ಟವಾಗಿರಲಿಲ್ಲ. ಕೆಳಸ್ವರಗಳಿಗೆ ಐದು ಇಂಚಿನ ವೂಫರ್, ಮೇಲಿನವಕ್ಕೆ ರೇಷ್ಮೆ ಬಟ್ಟೆಯ ಗುಮ್ಮಟದ ಟ್ವೀಟರ್, ಹಿಂಬದಿಯಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ಅಗಲದ ಪೋರ್ಟ್ ಎಂಬ ತೂತು. ಅವನ್ನು ಇಟ್ಟದ್ದು ಮಾತ್ರ ನಮ್ಮ ಊರಿನ ಎಲ್ಲ ಮನೆಗಳಲ್ಲಿ ಇಡುವ ಹಾಗೆ: ಗೋಡೆಗೆ ಅಂಟಿದ ಶೋಕೇಸಿನಲ್ಲಿ, ಪೋರ್ಟಿನ ಬಾಯಿ ಹಲಗೆಗೆ ಮೂರು ಇಂಚು ದೂರದಲ್ಲಿ. ಎದುರು ಗೋಡೆಗೆ ಒತ್ತಿಕೊಂಡ ಸೋಫಾ. ಮುಂಬೈ ಕಡೆಯ ಹತ್ತು–ಹನ್ನೆರಡು ಅಡಿಯ ಕೋಣೆಯಲ್ಲಿ ಸೋಫಾ ಗೋಡೆಗಲ್ಲದೆ ಬೇರೆಲ್ಲಿಗೆ ಹೋಗುತ್ತದೆ?

ಪೋರ್ಟ್ ಮಾಡುವುದು ಏನು? ಖಾಲಿ ಸೀಸೆಯ ಬಾಯಿಗೆ ಊದಿದರೆ ಬರುವ ಹೂಂಕಾರವನ್ನು ಎಲ್ಲರೂ ಕೇಳಿದ್ದೇವೆ. ಘಟ ನುಡಿಸುವವರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ ಬಿಡುವಾಗ ಗುಂಕಾರ ಬದಲಾಗುವುದನ್ನೂ ಕಂಡಿದ್ದೇವೆ. ಒಳಗಿನ ಗಾಳಿ ಸ್ಪ್ರಿಂಗ್, ಕುತ್ತಿಗೆಯಲ್ಲಿರುವ ಗಾಳಿ ಅದಕ್ಕೆ ಕಟ್ಟಿದ ತೂಕ. ಎರಡೂ ಸೇರಿ ತಮ್ಮದೇ ಒಂದು ಸ್ವರದಲ್ಲಿ ತೂಗುತ್ತವೆ. ಇದಕ್ಕೆ ಹೆಲ್ಮ್‌ಹೋಲ್ಟ್ಸ್ ಅನುರಣನ ಎಂಬ ಹೆಸರಿದೆ. ಸ್ಪೀಕರಿನ ಕೋನ್, ಅಂದರೆ ಕಂಪಿಸುವ ಶಂಕುವಿನಾಕಾರದ ಹಾಳೆ, ಹಿಂದಕ್ಕೂ ಮುಂದಕ್ಕೂ ಸಮವಾಗಿಯೇ ಗಾಳಿಯನ್ನು ತಳ್ಳುತ್ತದೆ. ಹಿಂಬದಿಯ ಅಲೆ ಸುಮ್ಮನೆ ವ್ಯರ್ಥವಾಗಬೇಕೇಕೆ, ಅದನ್ನು ಕೊಳವೆಯ ಮೂಲಕ ತಿರುಗಿಸಿ ಮುಂಬದಿಯ ಅಲೆಗೆ ಜೊತೆಯಾಗಿಸೋಣ ಎಂಬ ಯೋಚನೆಗೆ ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1930ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1932ರಲ್ಲಿ ಪೇಟೆಂಟ್ ಸಿಕ್ಕಿತು. ಶ್ರುತಿ ಮಾಡಿದ ಆ ಒಂದು ಸ್ವರದಲ್ಲಿ ಕೋನ್ ಬಹುತೇಕ ನಿಂತೇ ಇರುತ್ತದೆ, ಹಾಡುವುದು ಕೊಳವೆಯ ಗಾಳಿ. ಹೀಗಾಗಿ ವೂಫರಿಗೆ ದಣಿವು ಕಡಿಮೆ, ಸದ್ದು ಹೆಚ್ಚು. ಪುಟ್ಟ ಪೆಟ್ಟಿಗೆಯಿಂದಲೂ ದಪ್ಪ ಬೇಸ್ ಬರುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಕೇಳಿದವರಿಗೆ ಇದೇ ಇಷ್ಟವಾಗುತ್ತದೆ. ನನಗೂ ಆಗಿತ್ತು.

ಆದರೆ ಆ ಸ್ವರಕ್ಕಿಂತ ಕೆಳಗೆ ಇಳಿದಾಗ ಕೊಳವೆಯ ಗಾಳಿ ಕೋನಿಗೆ ಎದುರಾಗಿ ಚಲಿಸುತ್ತದೆ, ಒಂದನ್ನೊಂದು ಅಳಿಸುತ್ತವೆ. ಒಂದು ಸಪ್ತಕ ಕೆಳಗಿಳಿದರೆ 24 ಡೆಸಿಬಲ್ ಕುಸಿತ. ಕೋನನ್ನು ಹಿಡಿದಿಡಲು ಒಳಗಿನ ಗಾಳಿಯ ಸ್ಪ್ರಿಂಗೂ ಆಗ ಇರುವುದಿಲ್ಲ. ಚೋರ್ ಬಜಾರಿನಿಂದ ತಂದ ಹಳೆಯ ಎಲ್‌ಪಿಗಳಲ್ಲಿ ಸ್ವಲ್ಪ ಬಾಗಿದ ಒಂದನ್ನು ಹಾಕಿ ವೂಫರನ್ನು ನೋಡಿ. ಕಿವಿಗೆ ಏನೂ ಕೇಳಿಸದೆ ಕೋನ್ ಮಾತ್ರ ಏದುಸಿರು ಬಿಡುವವರ ಎದೆಯಂತೆ ಏರಿಳಿಯುತ್ತಿರುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಗುರುಗಳು ಊರಿಗೆ ಮರಳಿದ ಭಾನುವಾರ ನಾನು ಅಳತೆಗೆ ಕುಳಿತೆ. ನನ್ನ ಉದ್ಯೋಗವೇ ಅಳತೆ. ಇಲ್ಲಿನ ಕೈಗಾರಿಕಾ ವಸಾಹತಿನ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒತ್ತಡ ಮಾಪಕಗಳನ್ನು ತಾಳೆ ನೋಡುತ್ತಿದ್ದೇನೆ. ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ ಎಂಬುದನ್ನು ನನಗೆ ಯಾರೂ ಪುಸ್ತಕದಿಂದ ಕಲಿಸಬೇಕಾಗಿಲ್ಲ, ದಿನವೂ ಕೈಯಲ್ಲಿ ತಿಳಿಯುತ್ತದೆ. ಕೋಣೆಯ ಉದ್ದ 12 ಅಡಿ, ಅಂದರೆ 3.66 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಸ್ವರ 47 ಹರ್ಟ್ಸ್, ಅಂದರೆ ಸೆಕೆಂಡಿಗೆ 47 ಕಂಪನ. ಹತ್ತಡಿ ಅಗಲಕ್ಕೆ 56, ಒಂಬತ್ತಡಿ ಎತ್ತರಕ್ಕೆ 63. ಮೊಬೈಲಿನಿಂದ 47 ಹರ್ಟ್ಸ್‌ನ ಶುದ್ಧ ಸ್ವರ ಹಾಕಿ ಕೋಣೆಯಲ್ಲಿ ನಡೆದಾಡಿದೆ. ನಡುವೆ ನಿಂತರೆ ಸ್ವರವೇ ಇಲ್ಲ. ಸೋಫಾದ ಮೇಲೆ ಕೂತು ತಲೆಯನ್ನು ಗೋಡೆಗೆ ಆನಿಸಿದರೆ ಹಲ್ಲು ಕಂಪಿಸುವಷ್ಟು. ಸ್ಪೀಕರಿನ ಪೋರ್ಟ್ ಶ್ರುತಿಯಾಗಿದ್ದದ್ದು ಸುಮಾರು 50 ಹರ್ಟ್ಸ್‌ಗೆ. ಪೆಟ್ಟಿಗೆ ಎಲ್ಲಿ ಹೆಚ್ಚು ಜೋರಾಗಿ ಹಾಡಲು ಹವಣಿಸುತ್ತದೆಯೋ ಅಲ್ಲಿಯೇ ಕೋಣೆಯೂ ಹಾಡಲು ಕಾಯುತ್ತ ಕುಳಿತಿದೆ.

ಪೋರ್ಟಿನ ಮೇಲೆ ಅನ್ಯಾಯದ ದೂರು ಹೊರಿಸಬಾರದು. ಚೆನ್ನಾಗಿ ಲೆಕ್ಕ ಹಾಕಿ ಮಾಡಿದ ಪೆಟ್ಟಿಗೆಯಲ್ಲಿ ಪೋರ್ಟಿನಿಂದ ಬರುವ ವಿಳಂಬ ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಖಾಲಿಯನ್ನು ನುಂಗಲು ಅಷ್ಟು ಸಾಲದು. ನುಂಗಿದ್ದು ಕೋಣೆ, ತುತ್ತು ಕೊಟ್ಟದ್ದು ಪೋರ್ಟ್. ಅಮೆರಿಕದ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳಿರುತ್ತವೆ. ಕೆಳಸ್ವರಗಳು ಅವನ್ನು ಅಲುಗಿಸಿ ಒಂದಿಷ್ಟು ಅಲ್ಲೇ ಸವೆದು, ಒಂದಿಷ್ಟು ಹೊರಗೆ ಸೋರಿ ಹೋಗುತ್ತವೆ. ನಮ್ಮ ಇಟ್ಟಿಗೆ, ಕಾಂಕ್ರೀಟು, ಮೊಸಾಯಿಕ್ ನೆಲ ಯಾವುದೂ 47 ಹರ್ಟ್ಸ್‌ಗೆ ಜಗ್ಗುವುದಿಲ್ಲ. ಎಲ್ಲವನ್ನೂ ಹಿಂದಕ್ಕೇ ಕಳಿಸುತ್ತವೆ. ಅಲ್ಲಿನ ದೊಡ್ಡ ಹಜಾರದಲ್ಲಿ ಕೂತು ಬರೆದ ವಿಮರ್ಶೆ ನಂಬಿ ಇಲ್ಲಿ ಸ್ಪೀಕರ್ ಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು ಇದು. ಆ ವಿಮರ್ಶಕರು ಸುಳ್ಳು ಹೇಳುತ್ತಿಲ್ಲ, ಅವರ ಗೋಡೆ ಬೇರೆ.

ಮೊದಲ ಪ್ರಯೋಗಕ್ಕೆ ಕಾಸು ಖರ್ಚಾಗಲಿಲ್ಲ. ಹಳೆಯ ಹಾಸಿಗೆಯ ಸ್ಪಂಜನ್ನು ಕತ್ತರಿಸಿ, ಸುರುಳಿ ಮಾಡಿ ಎರಡೂ ಪೋರ್ಟುಗಳಿಗೆ ತುರುಕಿದೆ. ಅದೇ ಖಯಾಲ್ ಹಾಕಿದೆ. ಖಾಲಿ ಬಂತು! ಹತ್ತನೆಯ ಮಾತ್ರೆಗೆ ನೆಲ ಸರಿದದ್ದು ಬೆನ್ನಿಗೆ ಗೊತ್ತಾಯಿತು. ಡಗ್ಗದ ಮೇಲೆ ಮಣಿಕಟ್ಟು ಒತ್ತಿ ಎಳೆಯುವ ಮೀಂಡ್, ಆ ಸ್ವರದ ಜಾರು, ಎಲ್ಲಿಂದ ಹೊರಟು ಎಲ್ಲಿಗೆ ತಲುಪಿತು ಎಂಬುದು ಸ್ಪಷ್ಟವಾಯಿತು. ಮೊದಲು ಅದು ಎಲ್ಲಿಂದ ಹೊರಟರೂ ಒಂದೇ ಗುಂಡಿಗೆ ಬಿದ್ದಂತೆ ಕೇಳುತ್ತಿತ್ತು. ಆದರೆ ಧ್ವನಿಯ ಮೈ ಬಡಕಲಾಯಿತು. ಹಾಡುತ್ತಿದ್ದ ಮಲ್ಲಿಕಾರ್ಜುನ ಮನ್ಸೂರರ ಕಂಠಕ್ಕೆ ಎದೆಯೇ ಇಲ್ಲದಂತೆ ಅನಿಸಿತು. ಕಾರಣ ಇದೆ: ಪೋರ್ಟಿಗಾಗಿ ಆರಿಸಿದ ವೂಫರ್ ಬಿಗಿ ಹಿಡಿತದ್ದು, ಬಲವಾದ ಅಯಸ್ಕಾಂತದ್ದು. ಕೋನಿನ ತೂಗಾಟಕ್ಕೆ ಹಿಡಿತ ಬಿಗಿಯಾದಷ್ಟೂ ಸಣ್ಣದಾಗುವ, ಕ್ಯೂಟಿಎಸ್ ಎಂಬ ಅದರ ಅಂಕಿ 0.4ಕ್ಕಿಂತ ಕೆಳಗೆ ಇರುತ್ತದೆ. ಪೋರ್ಟ್ ಕೆಳಗಿನಿಂದ ಕೈಜೋಡಿಸುತ್ತದೆ ಎಂದು ನಂಬಿ ಅದು ಬೇಗನೆ ಇಳಿಯತೊಡಗುತ್ತದೆ. ಆ ಕೈ ಕಿತ್ತುಕೊಂಡರೆ ಸೊರಗುತ್ತದೆ. ತೂತಿಗೆ ಬಿರಡೆ ಹಾಕಿದ ಮಾತ್ರಕ್ಕೆ ಅದು ಮುಚ್ಚಿದ ಪೆಟ್ಟಿಗೆಯಾಗಿ ಹುಟ್ಟಿದ್ದರ ಹಾಗೆ ಹಾಡುವುದಿಲ್ಲ. ಆದರೂ ಪೋರ್ಟ್ ಸ್ಪೀಕರ್ ಕೊಂಡು ಗುಂಕಾರದಿಂದ ಸೋತವರು ಮೊದಲು ಇದನ್ನು ಮಾಡಿ ನೋಡಿ. ಕೆಲವು ಕಂಪನಿಗಳು ಇದಕ್ಕಾಗಿಯೇ ಸ್ಪಂಜಿನ ಬಿರಡೆಯನ್ನು ಪೆಟ್ಟಿಗೆಯೊಳಗೆ ಇಟ್ಟು ಕೊಡುತ್ತವೆ.

ಮುಚ್ಚಿದ ಪೆಟ್ಟಿಗೆಯನ್ನೇ ಮಾಡಿಬಿಡೋಣ ಎಂದು ತೀರ್ಮಾನಿಸಿದ್ದು ಆಗ. ಓದುತ್ತ ಹೋದಂತೆ ಎಡ್ಗರ್ ವಿಲ್ಚರ್ ಎಂಬವರ ಮೇಲೆ ನನಗೆ ಅಪಾರ ಗೌರವ ಹುಟ್ಟಿತು. ಆ ಕಾಲದಲ್ಲಿ ಒಳ್ಳೆಯ ಬೇಸ್ ಬೇಕೆಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಕೋನನ್ನು ಹಿಡಿದಿಡುವ ಬಟ್ಟೆಯ ಸ್ಪ್ರಿಂಗ್ ದೂರ ಎಳೆದಾಗ ಒಂದೇ ಸಮ ಇರುವುದಿಲ್ಲ, ಅದರಿಂದಲೇ ಧ್ವನಿ ಕೆಡುತ್ತದೆ ಎಂದು ವಿಲ್ಚರ್ ಕಂಡುಕೊಂಡರು. ಆ ಬಟ್ಟೆಯನ್ನು ಸಡಿಲ ಬಿಟ್ಟು, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿ, ಎಆರ್–1 ಎಂಬ ಸ್ಪೀಕರನ್ನು ತಂದರು. ನನಗೆ ಹಿಡಿಸಿದ್ದು ಅವರ ಪರೀಕ್ಷೆಯ ರೀತಿ. ವೇದಿಕೆಯ ಮೇಲೆ ಪಿಟೀಲು ಬಳಗವೊಂದನ್ನು ಕೂರಿಸಿ, ನಡುನಡುವೆ ಅವರು ಬಿಲ್ಲು ಆಡಿಸುವಂತೆ ನಟಿಸುವಾಗ ಸ್ಪೀಕರಿನಿಂದ ಅದೇ ಸಂಗೀತ ಕೇಳಿಸಿ, ಸಭಿಕರ ಕಿವಿಗೇ ತೀರ್ಪು ಬಿಡುತ್ತಿದ್ದರು. ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ಮೂರನೆಯ ಸಾಲಿನಲ್ಲಿ ಕೂತು ಕೇಳಿದ ಡಗ್ಗವೇ ನನಗೂ ಅಳತೆಗೋಲು. ಅಂಕಿಗಳು ಅಲ್ಲಿಗೆ ಕರೆದೊಯ್ಯುವ ದಾರಿ.

ಅಂಕಿಗಳ ದಾರಿ ಹಾಕಿಕೊಟ್ಟವರು ಆಸ್ಟ್ರೇಲಿಯಾದ ನೆವಿಲ್ ಥೀಲ್ ಮತ್ತು ಸಿಡ್ನಿಯಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್. ಥೀಲ್ ಅವರ ಪ್ರಬಂಧ 1961ರದು, ಸ್ಮಾಲ್ ಅವರವು 1970ರ ದಶಕದ ಮೊದಲ ವರ್ಷಗಳವು. ಇವತ್ತು ವೂಫರ್ ಜೊತೆ ಬರುವ ಚೀಟಿಯಲ್ಲಿರುವ ಎಫ್‌ಎಸ್ (ಕೋನ್ ತಾನಾಗಿ ತೂಗುವ ಸ್ವರ), ಕ್ಯೂಟಿಎಸ್, ವಿಎಎಸ್ (ಕೋನಿನ ಬಟ್ಟೆಯ ಸ್ಪ್ರಿಂಗಿಗೆ ಸಮನಾದ ಗಾಳಿಯ ಅಳತೆ) ಎಂಬ ಮೂರು ಅಂಕಿಗಳಿಂದ ಪೆಟ್ಟಿಗೆಯ ಗಾತ್ರವನ್ನು ಯಾರು ಬೇಕಾದರೂ ಕಾಗದದ ಮೇಲೆ ಹಾಕಬಹುದು. ನಾನು ಗ್ರ್ಯಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮೂರು ಶನಿವಾರ ಅಲೆದೆ. ಅಂಗಡಿಯವರು ಕೈಗೆ ಕೊಡುತ್ತಿದ್ದುದೆಲ್ಲ ಪೋರ್ಟಿಗೆ ಹೊಂದುವ ವೂಫರ್‌ಗಳೇ. ಜೊತೆಗೆ ಪ್ಲಾಸ್ಟಿಕ್ ಕೊಳವೆಯನ್ನೂ ಮುಂದಿಡುತ್ತಿದ್ದರು. ನಾಲ್ಕನೆಯ ಅಂಗಡಿಯಲ್ಲಿ ಬೇಕಾದದ್ದು ಸಿಕ್ಕಿತು: ಆರೂವರೆ ಇಂಚಿನ ಕಾಗದದ ಕೋನ್, ರಬ್ಬರ್ ಅಂಚು, ಎಫ್‌ಎಸ್ 42 ಹರ್ಟ್ಸ್, ಕ್ಯೂಟಿಎಸ್ 0.45, ವಿಎಎಸ್ 20 ಲೀಟರ್. ಸ್ಪಂಜಿನ ಅಂಚು ಬೇಡವೆಂದು ಮೊದಲೇ ನಿಶ್ಚಯಿಸಿದ್ದೆ. ಈ ಕಡಲ ಕರೆಯ ಹವೆಯಲ್ಲಿ ಅದು ಪುಡಿಯಾಗಿ ಉದುರುವುದನ್ನು ಗೆಳೆಯರ ಮನೆಗಳಲ್ಲಿ ಕಂಡಿದ್ದೇನೆ. ದಾದರಿನಲ್ಲಿ ಗಾಡಿ ಬದಲಿಸಿ, ಎರಡು ರಟ್ಟಿನ ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ಬಂದೆ.

ಲೆಕ್ಕ ಹೀಗೆ. ಮುಚ್ಚಿದ ಪೆಟ್ಟಿಗೆಯ ಒಟ್ಟು ಕ್ಯೂ (ಪೆಟ್ಟಿಗೆಯೊಳಗೆ ಕೂತ ಮೇಲೆ ವೂಫರಿನ ಅದೇ ಹಿಡಿತದ ಅಂಕಿ) 0.707 ಇದ್ದರೆ ಉಬ್ಬಿಲ್ಲದೆ ಸಮತಟ್ಟಾಗಿ ನಡೆದು ಆಮೇಲೆ ಇಳಿಯುತ್ತದೆ. 1ಕ್ಕೆ ಏರಿದರೆ ಗುಂ ಎನ್ನಲು ಶುರು, 0.5ಕ್ಕೆ ಇಳಿದರೆ ತೀರಾ ಬಿಗಿ. 0.707ನ್ನು 0.45ರಿಂದ ಭಾಗಿಸಿದರೆ 1.57. ಅದರ ವರ್ಗದಿಂದ ಒಂದನ್ನು ಕಳೆದು, 20 ಲೀಟರನ್ನು ಅದರಿಂದ ಭಾಗಿಸಿದರೆ 13.6 ಲೀಟರ್. ಒಳ ಅಳತೆ 20, 22, 31 ಸೆಂಟಿಮೀಟರ್. ಪೆಟ್ಟಿಗೆಯ ಸ್ವರ 42ನ್ನು 1.57ರಿಂದ ಗುಣಿಸಿದರೆ 66 ಹರ್ಟ್ಸ್. ಅಲ್ಲಿ ಧ್ವನಿ 3 ಡೆಸಿಬಲ್ ಇಳಿದಿರುತ್ತದೆ. ಕಾಗದದ ಮೇಲೆ ಇದು ಬಡತನದಂತೆ ಕಾಣುತ್ತದೆ. ಹಳೆಯ ಐದು ಇಂಚಿನದೇ 50ರ ತನಕ ಹೋಗುತ್ತಿತ್ತಲ್ಲ! ಆದರೆ ಅಲ್ಲಿಂದ ಮುಂದೆ ಮುಚ್ಚಿದ ಪೆಟ್ಟಿಗೆ ಸಪ್ತಕಕ್ಕೆ 12 ಡೆಸಿಬಲ್ ಮಾತ್ರ ಇಳಿಯುತ್ತದೆ. ಕೋಣೆ ಎತ್ತಿ ಹಿಡಿಯಲು ಕಾದಿರುವ 47 ಹರ್ಟ್ಸ್‌ನಲ್ಲಿ ನನ್ನ ಪೆಟ್ಟಿಗೆ ಸುಮಾರು 7 ಡೆಸಿಬಲ್ ಕೆಳಗೆ ನಿಂತಿರುತ್ತದೆ. ಕೋಣೆ ಕೊಡುತ್ತದೆ, ಪೆಟ್ಟಿಗೆ ಬಿಟ್ಟುಕೊಡುತ್ತದೆ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ರೂಪಿಸಿದ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರ್ ಮುಚ್ಚಿದ ಪೆಟ್ಟಿಗೆಯೇ. ವ್ಯಾನಿನ ಹೊಟ್ಟೆಯಲ್ಲಿ ಕೂತು ಕೇಳಬೇಕಾದವರಿಗೆ ಮಾಡಿದ್ದು ನಮ್ಮಂಥ ಕೋಣೆಯವರಿಗೆ ಹೊಂದುವುದು ಸಹಜ.

ಪ್ಲೈವುಡ್ 18 ಮಿಲಿಮೀಟರಿನದು, ಐಎಸ್ 710 ಮುದ್ರೆಯ ಮೆರೈನ್ ಪ್ಲೈ. ಎಂಡಿಎಫ್ ಅಗ್ಗ ಮತ್ತು ಸಮತಟ್ಟು, ಆದರೆ ಎರಡು ಮಳೆಗಾಲದಲ್ಲಿ ಅದರ ಕೆಳ ಅಂಚು ಬಿಸ್ಕತ್ತಿನಂತೆ ಉಬ್ಬುತ್ತದೆ. ನಮ್ಮ ಕಟ್ಟಡದಲ್ಲಿ ಅಡುಗೆಮನೆ ಕಪಾಟು ಮಾಡುತ್ತಿದ್ದ ರಾಜಸ್ಥಾನದ ಬಡಗಿ ಹಲಗೆಗಳನ್ನು ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸಿ ಕೊಟ್ಟರು. ಕೀಲುಗಳಿಗೆ ಫೆವಿಕಾಲ್, ಒಳ ಮೂಲೆಗಳಿಗೆ ಸಿಲಿಕೋನ್, ತಂತಿ ಹೊರಬರುವ ಕಡೆ ಎಂ–ಸೀಲ್, ವೂಫರಿನ ಅಂಚಿಗೆ ಕಿಟಕಿಗೆ ಹಚ್ಚುವ ಸ್ಪಂಜಿನ ಪಟ್ಟಿ. ಸೋರಿಕೆ ನನ್ನ ವೃತ್ತಿಯ ಶತ್ರು, ಈ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ. 25 ಹರ್ಟ್ಸ್‌ನ ಸ್ವರ ಹಾಕಿ, ಊದಿನಕಡ್ಡಿ ಹಚ್ಚಿ ಪ್ರತಿ ಕೀಲಿನ ಉದ್ದಕ್ಕೂ ಹಿಡಿದೆ. ಬಲಗಡೆಯ ಪೆಟ್ಟಿಗೆಯ ಕೆಳಮೂಲೆಯಲ್ಲಿ ಹೊಗೆ ನಡುಗಿತು. ಅಲ್ಲಿ ಮತ್ತೆ ಸಿಲಿಕೋನ್ ತುಂಬಿದೆ. ಕೋನನ್ನು ಮೂರು ಬೆರಳಿನಿಂದ ಮೆಲ್ಲಗೆ ಒಳಗೊತ್ತಿ ಬಿಟ್ಟರೆ, ತಟ್ಟನೆ ಚಿಮ್ಮದೆ, ಯೋಚಿಸಿ ಏಳುವ ಹಿರಿಯರಂತೆ ನಿಧಾನವಾಗಿ ಮೇಲೆ ಬಂತು. ಪೆಟ್ಟಿಗೆ ಮುಚ್ಚಿದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಒಳಗೆ ತುಂಬಲು ದಿಂಬಿನ ಪಾಲಿಯೆಸ್ಟರ್ ನಾರು, ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಒಂದೊಂದಕ್ಕೆ 200 ಗ್ರಾಂ. ಕುಗ್ಗುವಾಗ ಗಾಳಿ ಬಿಸಿಯಾಗುತ್ತದೆ. ನಾರು ಆ ಬಿಸಿಯನ್ನು ಹೀರಿಕೊಳ್ಳುವುದರಿಂದ ಸ್ಪ್ರಿಂಗ್ ಮೆದುವಾಗಿ, ಪೆಟ್ಟಿಗೆ ತನ್ನ ಅಳತೆಗಿಂತ ಸ್ವಲ್ಪ ದೊಡ್ಡದಾದಂತೆ ನಡೆದುಕೊಳ್ಳುತ್ತದೆ. ದಿಂಬಿನೊಳಗಿನ ಹತ್ತಿಯಂಥದ್ದು ಮರದ ಗೋಡೆಯನ್ನು ಹಿಂದಕ್ಕೆ ಸರಿಸುತ್ತದೆ! ಇಷ್ಟು ವರ್ಷ ಗಾಳಿಯ ಜೊತೆ ಕೆಲಸ ಮಾಡಿದ ಮೇಲೂ ಇದು ನನ್ನನ್ನು ಬೆರಗುಗೊಳಿಸುತ್ತದೆ. ಸ್ವರಗಳನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರ್ ಕಥೆ ದೊಡ್ಡದು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಮುಚ್ಚಿದ ಪೆಟ್ಟಿಗೆಗೆ ಬೆಲೆ ತೆರಬೇಕು. ಧ್ವನಿಯ ಗುಂಡಿಯನ್ನು ಗಡಿಯಾರದ ಮುಳ್ಳೆಂದುಕೊಂಡರೆ, ಹಳೆಯವು ಒಂಬತ್ತು ಗಂಟೆಯ ಗುರುತಿನಲ್ಲಿ ತುಂಬಿ ಹಾಡುತ್ತಿದ್ದರೆ, ಇವಕ್ಕೆ ಆಂಪ್ಲಿಫೈಯರನ್ನು ಹನ್ನೊಂದರ ತನಕ ತಿರುಗಿಸಬೇಕು. ಪೆಟ್ಟಿಗೆ ಸಣ್ಣದಿರಬೇಕು, ಬೇಸ್ ಆಳವಿರಬೇಕು, ಕಡಿಮೆ ವಿದ್ಯುತ್ತಿಗೆ ಜೋರಾಗಿ ಹಾಡಬೇಕು — ಈ ಮೂರರಲ್ಲಿ ಎರಡನ್ನಷ್ಟೇ ಆರಿಸಿಕೊಳ್ಳಬಹುದು ಎಂಬ ನಿಯಮವನ್ನು ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನ ಮೂರನೆಯ ಅಕ್ಷರದ ಒಡೆಯ ಜೆ. ಆಂಟನ್ ಹಾಫ್‌ಮನ್ ಹೆಸರಿನಿಂದ ಕರೆಯುತ್ತಾರೆ. ಅದರಿಂದ ಯಾರಿಗೂ ಬಿಡುಗಡೆಯಿಲ್ಲ. ನಮ್ಮ ಸೊಸೈಟಿಯ ಸಭಾಗೃಹಕ್ಕೆ ಗಣೇಶ ಚತುರ್ಥಿಯ ಭಜನೆಗೆ ನಾನು ಈಗಲೂ ಪೋರ್ಟ್ ಇರುವ ದೊಡ್ಡ ಸ್ಪೀಕರನ್ನೇ ಹೊರುತ್ತೇನೆ. ಅಲ್ಲಿ ಅರುವತ್ತು ಜನರ ಮೈ ಧ್ವನಿ ಹೀರುತ್ತದೆ, ಬಾಗಿಲು ಮೂರು ಕಡೆ ತೆರೆದಿರುತ್ತದೆ, ಗಂಟೆಗಟ್ಟಲೆ ಜೋರಾಗಿ ಹಾಡಬೇಕು. ಮುಚ್ಚಿದ ಆರೂವರೆ ಇಂಚಿನದು ಅಲ್ಲಿ ಅರ್ಧ ಗಂಟೆಯಲ್ಲಿ ಸೋಲುತ್ತದೆ. ಹಳೆಯ ಸ್ಪೀಕರ್‌ಗಳನ್ನು ಕೆಳಮಹಡಿಯ ಮಂಗಳೂರಿನ ಅಕ್ಕ ತೆಗೆದುಕೊಂಡರು. ಅವರ ಹಜಾರವೂ ಅಡುಗೆಮನೆಯೂ ಗೋಡೆ ಒಡೆದು ಒಂದಾಗಿವೆ, ಉದ್ದ ಇಪ್ಪತ್ತೆರಡು ಅಡಿ. ಹಿಂಬದಿಗೆ ಎರಡಡಿ ಜಾಗ ಬಿಟ್ಟು ಇಟ್ಟೆವು. ಅಲ್ಲಿ ಅವು ಚೆನ್ನಾಗಿ ಹಾಡುತ್ತಿವೆ. ಗುಂಕಾರವೇ ಇಲ್ಲ.

ಈ ಮಾಘದಲ್ಲಿ ಗುರುಗಳು ಮತ್ತೆ ಬಂದಿದ್ದರು. ಈ ಸಲ ನಾನು ಏನನ್ನೂ ಹೇಳಲಿಲ್ಲ. ಅದೇ ಖಯಾಲನ್ನು ಹಾಕಿ, ಅವರ ಕೈಯನ್ನೇ ನೋಡುತ್ತ ಕುಳಿತೆ. ಮೊದಲ ಆವರ್ತನದ ಒಂಬತ್ತನೆಯ ಮಾತ್ರೆಗೆ ಬಲಗೈ ತೊಡೆಯಿಂದ ಎದ್ದು, ಅಂಗೈ ಮೇಲಾಗಿ ಗಾಳಿಯಲ್ಲಿ ಬೀಸಿತು. ಎರಡನೆಯದಕ್ಕೂ ಬೀಸಿತು. ಹತ್ತು ನಿಮಿಷ ಹಾಗೆಯೇ ಕೇಳಿದರು. ಮುಗಿದ ಮೇಲೆ, "ಖಾಲಿ ಸಿಕ್ಕಿತು ತಮ್ಮಾ. ತಂಬೂರಿಯ ಖರ್ಜ ಮಾತ್ರ ತುಸು ತೆಳುವಾಗಿದೆ" ಎಂದರು.

ಅವರ ಕಿವಿ ತಪ್ಪುವುದಿಲ್ಲ. ಆ ಗಾಯನ ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯದು. ಅದರ ಖರ್ಜದ, ಅಂದರೆ ತಂಬೂರಿಯ ಕೆಳ ಷಡ್ಜದ, ತಂತಿ 69 ಹರ್ಟ್ಸ್‌ನಲ್ಲಿ ಕೂರುತ್ತದೆ, ನನ್ನ ಪೆಟ್ಟಿಗೆ ಇಳಿಯತೊಡಗುವ ಅಂಚಿನಲ್ಲೇ. ಹಿಂಬದಿಯಲ್ಲಿ ಪೋರ್ಟ್ ಇಲ್ಲವಾದ್ದರಿಂದ ಗೋಡೆಯ ಹೆದರಿಕೆ ಇಲ್ಲ. ಅವರು ಹೋದ ಸಂಜೆ ಎರಡೂ ಪೆಟ್ಟಿಗೆಗಳನ್ನು ಗೋಡೆಗೆ ನಾಲ್ಕು ಇಂಚು ಹತ್ತಿರ ಸರಿಸಿದ್ದೇನೆ. ಖರ್ಜಕ್ಕೆ ಸ್ವಲ್ಪ ಮೈ ಬಂದಂತಿದೆ. ಖಾಲಿ ಇನ್ನೂ ಖಾಲಿಯಾಗಿಯೇ ಇದೆಯೇ ಎಂದು ದಿನವೂ ಒಂದು ದ್ರುತ್ ಹಾಕಿ ನೋಡುತ್ತಿದ್ದೇನೆ.